ಎರಡೇ ಟ್ಯಾಂಕುಗಳ ಸೇನೆ

ಡಬ್ಲಿನ್ ನಗರದ ಕಾಲಿನ್ಸ್ ಬ್ಯಾರಕ್ಸ್‌ನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಐರ್ಲೆಂಡಿನ ಸೈನಿಕ ಇತಿಹಾಸಕ್ಕೆ ಮೀಸಲಾದ ದೊಡ್ಡ ವಿಭಾಗವೊಂದಿದೆ. ಅಲ್ಲಿಗೆ ಮೊದಲ ಸಲ ಹೋದ ದಿನ ನಾನು ಉಳಿದದ್ದನ್ನೆಲ್ಲ ಬಿಟ್ಟು ಒಂದೇ ಒಂದು ಯಂತ್ರದ ಸುತ್ತ ಬಹಳ ಹೊತ್ತು ಸುತ್ತಿದೆ. ಅದು ಸ್ವೀಡನ್ನಿನ ಲಾಂಡ್ಸ್‌ವರ್ಕ್ ಕಾರ್ಖಾನೆಯಲ್ಲಿ ತಯಾರಾದ ಎಲ್-60 ಎಂಬ ಪುಟ್ಟ ಟ್ಯಾಂಕು. ಅದರ ತುದಿ ನನ್ನ ತಲೆಗಿಂತ ಗೇಣು ಮೇಲಷ್ಟೇ ಎತ್ತರದಲ್ಲಿತ್ತು. ಫಿರಂಗಿಯ ಬಾಯಿ ಹೆಬ್ಬೆರಳು ತೂರುವಷ್ಟು ಕಿರಿದು. ಅದು 20 ಮಿಲಿಮೀಟರಿನ ಮ್ಯಾಡ್ಸನ್. ಉಕ್ಕಿನ ಹಲಗೆಗಳು ಕೂಡುವ ಅಂಚಿನಲ್ಲಿ ಬೆಸುಗೆಯ ಗೆರೆ ಉದ್ದಕ್ಕೂ ಉಬ್ಬಿ ನಿಂತಿತ್ತು. ಆ ಕಾಲದ ಅನೇಕ ಟ್ಯಾಂಕುಗಳಲ್ಲಿ ಹಲಗೆಗಳನ್ನು ರಿವೆಟ್ ಹೊಡೆದು ಜೋಡಿಸುತ್ತಿದ್ದರೆ, ಇದನ್ನು ಪೂರ್ತಿಯಾಗಿ ಬೆಸೆದು ಕಟ್ಟಿದ್ದರು. ಚಕ್ರಗಳ ಆಘಾತವನ್ನು ತಾಳಲು ಉಕ್ಕಿನ ದಂಡಗಳು ತಿರುಚಿಕೊಳ್ಳುವ ವ್ಯವಸ್ಥೆಯನ್ನು ಅಳವಡಿಸಿಕೊಂಡ ಮೊದಲ ಟ್ಯಾಂಕುಗಳ ಸಾಲಿನಲ್ಲಿಯೂ ಇದಕ್ಕೆ ಸ್ಥಾನವಿದೆ. ಮುಂದೆ ಜಗತ್ತಿನ ಅನೇಕ ದೊಡ್ಡ ಸೇನೆಗಳು ಆ ವ್ಯವಸ್ಥೆಯನ್ನು ಒಪ್ಪಿಕೊಂಡವು.

ಐರ್ಲೆಂಡು ಇಂಥ ಟ್ಯಾಂಕುಗಳನ್ನು ಕೊಂಡದ್ದು ಎರಡೇ ಎರಡು, 1935ರ ಸುಮಾರಿಗೆ ಒಂದರ ಹಿಂದೆ ಒಂದರಂತೆ. ಅದಕ್ಕೂ ಮೊದಲು, 1929ರಲ್ಲಿ, ಬ್ರಿಟನ್ನಿನ ವಿಕರ್ಸ್ ಕಂಪನಿಯಿಂದ ಒಂದು ಟ್ಯಾಂಕು ಬಂದಿತ್ತು. ಅದು 1940ರಲ್ಲಿ ಬೆಂಕಿಗೆ ಆಹುತಿಯಾಯಿತು. ಹಾಗಾಗಿ ಯುರೋಪ್ ಖಂಡವೆಲ್ಲ ಟ್ಯಾಂಕುಗಳ ಹಲ್ಲಿಗೆ ಸಿಕ್ಕಿ ನುಜ್ಜುಗುಜ್ಜಾಗುತ್ತಿದ್ದ ಆ ವರ್ಷಗಳಲ್ಲಿ ತಟಸ್ಥ ಐರ್ಲೆಂಡಿನ ಬಳಿ ಇದ್ದದ್ದು ಈ ಎರಡೇ. ಇದನ್ನು ಕೇಳಿದ ಕೆಲವರು ನಕ್ಕುಬಿಡುತ್ತಾರೆ. ನನಗೆ ನಗು ಬರುವುದಿಲ್ಲ. ದೊಡ್ಡ ಸೇನೆಯೊಂದು ಬೇಕಾದ ಆಯುಧವನ್ನು ತಾನೇ ರೂಪಿಸಿ, ತಾನೇ ತಯಾರಿಸಿ, ಹಳತಾದ ಮೇಲೆ ಬೇರೆಯವರಿಗೆ ಮಾರುತ್ತದೆ. ಸಣ್ಣ ಸೇನೆ ಆ ಮಾರಾಟದ ಇನ್ನೊಂದು ತುದಿಯಲ್ಲಿ ನಿಂತಿರುತ್ತದೆ. ಏನು ಸಿಗುತ್ತದೆ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಗುಂಡು ಯಾರು ಕೊಡುತ್ತಾರೆ ಎಂಬ ಮೂರು ಪ್ರಶ್ನೆಗಳೇ ಅದರ ಶಸ್ತ್ರಾಗಾರದ ಚರಿತ್ರೆಯನ್ನು ಬರೆಯುತ್ತವೆ. ಐರಿಷ್ ಸೇನೆಯ ವಾಹನಗಳ ಬಗ್ಗೆ ಓದುತ್ತ ಹೋದಷ್ಟೂ ಫಿರಂಗಿಯ ಅಳತೆಗಿಂತ ಈ ಮೂರು ಪ್ರಶ್ನೆಗಳೇ ನನ್ನನ್ನು ಹಿಡಿದು ನಿಲ್ಲಿಸಿವೆ.

ಮೊದಲ ಕವಚವಾಹನಗಳು ಬಂದದ್ದು 1922ರಲ್ಲಿ. ದೇಶ ಆಗಷ್ಟೇ ಸ್ವತಂತ್ರ ರಾಜ್ಯವಾಗಿತ್ತು, ಒಳಗೆ ಅಂತರ್ಯುದ್ಧ ಹೊತ್ತಿಕೊಂಡಿತ್ತು. ಹೊರಟುಹೋಗುತ್ತಿದ್ದ ಬ್ರಿಟಿಷರು ಹೊಸ ಸೇನೆಗೆ 13 ರೋಲ್ಸ್ ರಾಯ್ಸ್ ಕವಚಕಾರುಗಳನ್ನು ಒಪ್ಪಿಸಿದರು. ಸಿರಿವಂತರ ಕಾರಿನ ಚಾಸಿಯ ಮೇಲೆ ಉಕ್ಕಿನ ಪೆಟ್ಟಿಗೆ ಕೂರಿಸಿ, ಅದರ ತಿರುಗುಗೋಪುರದಲ್ಲಿ ನೀರಿನಿಂದ ತಣಿಯುವ ವಿಕರ್ಸ್ ಮಷಿನ್ ಗನ್ ಇಟ್ಟಿದ್ದ ವಾಹನಗಳವು. ಸೈನಿಕರು ಪ್ರತಿ ಕಾರಿಗೂ ಹೆಸರಿಟ್ಟಿದ್ದರು. ಅವುಗಳಲ್ಲಿ ಟಿಪ್ಪರೇರಿಯ ಬೆಟ್ಟವೊಂದರ ಹೆಸರು ಹೊತ್ತ ‘ಶ್ಲೀವ್ ನಮಾನ್’ ಇತಿಹಾಸಕ್ಕೆ ಸೇರಿಹೋಯಿತು. 1922ರ ಆಗಸ್ಟ್ 22ರಂದು ಕಾರ್ಕ್ ಪ್ರಾಂತ್ಯದ ಬೇಲ್ ನ ಬ್ಲಾ ಎಂಬಲ್ಲಿ ಹೊಂಚುದಾಳಿಯಾಗಿ ಸೇನಾಪತಿ ಮೈಕಲ್ ಕಾಲಿನ್ಸ್ ಹತರಾದಾಗ ಅವರ ಬೆಂಗಾವಲಿಗಿದ್ದದ್ದು ಇದೇ ಕಾರು. ಕಾಲಿನ್ಸ್ ತೆರೆದ ಕಾರಿನಲ್ಲಿ ಬಂದಿದ್ದರು, ಇಳಿದು ರಸ್ತೆಯಲ್ಲಿಯೇ ನಿಂತು ಗುಂಡು ಹಾರಿಸುತ್ತಿದ್ದರು. ಕವಚಕಾರಿನ ಮಷಿನ್ ಗನ್ ಕಾಳಗದ ನಡುವೆ ಸಿಕ್ಕಿಹಾಕಿಕೊಂಡು ನಿಂತುಹೋಯಿತು. ಕೆಲವು ತಿಂಗಳುಗಳ ಬಳಿಕ ಅದೇ ಕಾರಿನ ಗನ್ನರ್ ಅದನ್ನು ಎದುರು ಪಕ್ಷಕ್ಕೆ ಓಡಿಸಿಕೊಂಡು ಹೋದ, ಸೇನೆ ಅದನ್ನು ಮರಳಿ ಪಡೆಯಿತು.

ಈ ರೋಲ್ಸ್ ರಾಯ್ಸ್‌ಗಳು ಸೇವೆಯಿಂದ ಹೊರಬಿದ್ದ ಕಾರಣವನ್ನು ನಾನು ಮರೆಯಲಾರೆ. ಎಂಜಿನ್ ಸೋತಿರಲಿಲ್ಲ, ಕವಚವೂ ಒಡೆದಿರಲಿಲ್ಲ. 1944ರ ಹೊತ್ತಿಗೆ ಅವುಗಳಿಗೆ ಹೊಂದುವ ಟೈರುಗಳೇ ಸಿಗದಾದವು. ಯುದ್ಧಕಾಲದಲ್ಲಿ ರಬ್ಬರಿನ ಅಭಾವ ಎಲ್ಲರಿಗೂ ಇತ್ತು, ತಟಸ್ಥ ದೇಶವೊಂದರ ಇಪ್ಪತ್ತು ವರ್ಷ ಹಳೆಯ ಕಾರುಗಳಿಗೆ ಟೈರು ಕಳಿಸುವ ಗೊಡವೆ ಯಾರಿಗೆ ಬೇಕಿತ್ತು? ಹತ್ತು ವರ್ಷ ಶೆಡ್ಡಿನಲ್ಲಿ ನಿಂತು, 1954ರಲ್ಲಿ ಅವು ಹರಾಜಾದವು. ಶ್ಲೀವ್ ನಮಾನ್ ಒಂದನ್ನು ಮಾತ್ರ ಸೇನೆ ಉಳಿಸಿಕೊಂಡಿತು.

ಎರಡನೆಯ ಮಹಾಯುದ್ಧದ ಕಾಲವನ್ನು ಐರ್ಲೆಂಡಿನಲ್ಲಿ ‘ತುರ್ತುಪರಿಸ್ಥಿತಿ’ ಎಂದೇ ಕರೆಯುತ್ತಾರೆ. ಆ ತುರ್ತಿನ ಬಿಸಿ ಶಸ್ತ್ರಾಗಾರಕ್ಕೆ ಮೊದಲು ತಟ್ಟಿತು. ಲಾಂಡ್ಸ್‌ವರ್ಕ್ ಕಾರ್ಖಾನೆಯಿಂದಲೇ ಎಲ್-180 ಎಂಬ ಆರು ಚಕ್ರದ ಕವಚಕಾರುಗಳನ್ನು ತರಿಸಲಾಗುತ್ತಿತ್ತು. ಎಂಟು ಬಂದು ತಲುಪಿದ್ದವು, ಇನ್ನೂ ಐದಕ್ಕೆ ಹೇಳಿಯಾಗಿತ್ತು. ಅಷ್ಟರಲ್ಲಿ ಯುದ್ಧ ಶುರುವಾಯಿತು, ಆ ಐದನ್ನು ಸ್ವೀಡನ್ನು ತನ್ನ ಸೇನೆಗೇ ಇಟ್ಟುಕೊಂಡಿತು. ಅದರಲ್ಲಿ ಸ್ವೀಡನ್ನಿನ ತಪ್ಪನ್ನು ನಾನು ಕಾಣೆ, ತನ್ನ ಮನೆಯ ಬಾಗಿಲಿಗೆ ಬೆಂಕಿ ಬಂದಾಗ ಯಾರೂ ನೆರೆಯವನಿಗೆ ಕೊಡ ಕೊಡುವುದಿಲ್ಲ. ಆದರೆ ಆರ್ಡರ್ ಕೊಟ್ಟು ಕಾದಿದ್ದ ಸೇನೆ ಬೇರೆ ದಾರಿ ಹುಡುಕಬೇಕಾಯಿತು. ಕಾರ್ಲೋ ಪಟ್ಟಣದ ಥಾಂಪ್ಸನ್ ಕಾರ್ಖಾನೆಯವರು ಫೋರ್ಡ್ ಲಾರಿಯ ಚಾಸಿಯ ಮೇಲೆ ಉಕ್ಕಿನ ಮೈ ಕಟ್ಟಿಕೊಡಲು ಮುಂದೆ ಬಂದರು. ಹೀಗೆ ಹುಟ್ಟಿದ ಫೋರ್ಡ್ ಕವಚಕಾರುಗಳಲ್ಲಿ ಆರನೆಯ ಮಾದರಿಯವು 28 ತಯಾರಾದವು. ಒಂದು ವಿ-8 ಎಂಜಿನ್, ಒಂದು ಸಣ್ಣ ತಿರುಗುಗೋಪುರ, ಅದರೊಳಗೆ ಒಂದು ವಿಕರ್ಸ್ ಗನ್. ದೇಶದೊಳಗಿನ ರಸ್ತೆಗಳಲ್ಲಿ ಗಸ್ತು ತಿರುಗುವುದಕ್ಕೆ ಅಷ್ಟು ಸಾಕು ಎಂದು ಮಾಡಿದ ವಾಹನ ಅದು.

ಆ ವಾಹನಗಳೇ ಎರಡು ದಶಕಗಳ ನಂತರ ಆಫ್ರಿಕಾದ ನಡುವೆ ಇಳಿದವು. 1955ರಲ್ಲಿ ವಿಶ್ವಸಂಸ್ಥೆಗೆ ಸೇರಿದ್ದ ಐರ್ಲೆಂಡು, 1960ರಲ್ಲಿ ಕಾಂಗೋಗೆ ಶಾಂತಿಪಾಲನೆಗಾಗಿ ಇಡೀ ಬೆಟಾಲಿಯನ್ನುಗಳನ್ನು ಕಳಿಸಿತು. ಹೋದವರ ಮೈಮೇಲಿದ್ದದ್ದು ಐರ್ಲೆಂಡಿನ ಚಳಿಗೆ ಹೊಲಿದ ದಪ್ಪ ಉಣ್ಣೆಯ ಸಮವಸ್ತ್ರ. ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ ಲೀ-ಎನ್‌ಫೀಲ್ಡ್ ರೈಫಲ್. ಅದೇ ವರ್ಷ ನವೆಂಬರ್ 8ರಂದು ನಿಯೆಂಬಾ ಎಂಬಲ್ಲಿ ಹನ್ನೊಂದು ಜನರ ಗಸ್ತು ತಂಡ ಹೊಂಚುದಾಳಿಗೆ ಸಿಕ್ಕಿತು. ಅವರು ಲ್ಯಾಂಡ್ ರೋವರ್ ಮತ್ತು ಪಿಕಪ್ ವಾಹನದಲ್ಲಿ ಹೋಗಿದ್ದರು, ಕವಚವೆಂಬುದು ಯಾವುದಕ್ಕೂ ಇರಲಿಲ್ಲ. ಅಲ್ಲಿನ ಬಲೂಬಾ ಬುಡಕಟ್ಟಿನ ಯೋಧರ ಬಿಲ್ಲುಬಾಣಗಳ ನಡುವೆ ಸಿಕ್ಕಿ ಒಂಬತ್ತು ಮಂದಿ ಸತ್ತರು, ಇಬ್ಬರು ಬದುಕುಳಿದರು. ಅಷ್ಟು ವರ್ಷ ಯುದ್ಧದಿಂದ ದೂರ ಉಳಿದಿದ್ದ ದೇಶಕ್ಕೆ ಆ ಸುದ್ದಿ ಎರಗಿದ ಬಗೆಯನ್ನು ಅಂದಿನ ಶವಯಾತ್ರೆಯ ಚಿತ್ರಗಳು ತೋರಿಸುತ್ತವೆ. ಡಬ್ಲಿನ್‌ನ ಬೀದಿಗಳ ಇಕ್ಕೆಲಗಳಲ್ಲಿಯೂ ಜನ ಕಿಕ್ಕಿರಿದು ನಿಂತಿದ್ದಾರೆ.

ಮುಂದಿನ ವರ್ಷ ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್ ರೈಫಲ್‌ಗಳು ಬಂದವು, ಫೋರ್ಡ್ ಕವಚಕಾರುಗಳೂ ಕಾಂಗೋ ತಲುಪಿದವು. 1961ರ ಸೆಪ್ಟೆಂಬರಿನಲ್ಲಿ, ಕಾಂಗೋದಿಂದ ಬೇರೆಯಾದೆವೆಂದು ಘೋಷಿಸಿಕೊಂಡಿದ್ದ ಕಟಾಂಗಾ ಪ್ರಾಂತ್ಯದ ಜಾದೋವಿಲ್ ಪಟ್ಟಣದಲ್ಲಿ ಕಮಾಂಡೆಂಟ್ ಪ್ಯಾಟ್ ಕ್ವಿನ್‌ಲನ್ ಅವರ ಕಂಪನಿಯನ್ನು ಅದರ ಹಲವು ಪಟ್ಟು ಎದುರಾಳಿಗಳು ಸುತ್ತುವರಿದಾಗ, ನೂರೈವತ್ತಕ್ಕೂ ಹೆಚ್ಚಿನ ಆ ಸೈನಿಕರ ಬಳಿ ಇದ್ದ ಅತಿ ದೊಡ್ಡ ಆಯುಧಗಳೆಂದರೆ 60 ಮಿಲಿಮೀಟರಿನ ಮಾರ್ಟರ್‌ಗಳು, ವಿಕರ್ಸ್ ಗನ್‌ಗಳು, 84 ಮಿಲಿಮೀಟರಿನ ಕಾರ್ಲ್ ಗುಸ್ತಾಫ್ ಎಂಬ ಟ್ಯಾಂಕು ನಿರೋಧಕ ಆಯುಧ ಮತ್ತು ಎರಡು ಫೋರ್ಡ್ ಕವಚಕಾರುಗಳು. ಮೇಲಿನಿಂದ ಕಟಾಂಗಾದ ಫೂಗಾ ಜೆಟ್ ವಿಮಾನವೊಂದು ಬಂದು ದಾಳಿ ಮಾಡಿ ಹೋಗುತ್ತಿತ್ತು, ಅದನ್ನು ತಡೆಯುವ ಆಯುಧ ಇವರಲ್ಲಿ ಇರಲಿಲ್ಲ. ಕ್ವಿನ್‌ಲನ್ ಮೊದಲೇ ಅಗೆಸಿಟ್ಟಿದ್ದ ಕಂದಕಗಳು ಜೀವ ಉಳಿಸಿದವು. ಅವರ ನೆರವಿಗೆ ಹೊರಟ ಪಡೆಗಳು ಲುಫಿರಾ ಸೇತುವೆಯಲ್ಲಿ ಎರಡು ಸಲ ತಡೆಗೆ ಸಿಕ್ಕಿದವು. ಎರಡನೆಯ ಪ್ರಯತ್ನದಲ್ಲಿ ಭಾರತೀಯ ಸೇನೆಯ ಗೂರ್ಖಾ ಸೈನಿಕರೂ ಇದ್ದರು. ಹೆಲಿಕಾಪ್ಟರೊಂದು ನೀರು ತಂದಿತು, ಆದರೆ ಪೆಟ್ರೋಲ್ ತುಂಬುತ್ತಿದ್ದ ಕ್ಯಾನುಗಳಲ್ಲಿ ತಂದದ್ದರಿಂದ ಅದನ್ನು ಕುಡಿಯಲಾಗಲಿಲ್ಲ. ಐದು ದಿನಗಳ ಕೊನೆಗೆ ನೀರೂ ಗುಂಡೂ ಮುಗಿದು ಅವರು ಶರಣಾದರು. ಅವರ ಕಡೆ ಒಬ್ಬರೂ ಸತ್ತಿರಲಿಲ್ಲ. ಹೀಗಿದ್ದೂ ಈ ಜನರಿಗೆ ದಶಕಗಳ ಕಾಲ ಸಿಕ್ಕಿದ್ದು ಶರಣಾದವರೆಂಬ ಮೂದಲಿಕೆ. ಕಾರ್ಲೋ ಪಟ್ಟಣದಲ್ಲಿ ಲಾರಿಯ ಮೇಲೆ ಕಟ್ಟಿದ ಎರಡು ಉಕ್ಕಿನ ಪೆಟ್ಟಿಗೆಗಳನ್ನು ನಂಬಿ ಆಫ್ರಿಕಾದ ಬಿಸಿಲಿನಲ್ಲಿ ಐದು ದಿನ ನಿಂತವರ ಮೇಲೆ ಹೊರಿಸಿದ ಆ ಮಾತನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಟ್ಯಾಂಕುಗಳ ಕಡೆಗೆ ಮರಳುತ್ತೇನೆ. ಯುದ್ಧ ಮುಗಿದ ಮೇಲೆ, 1948 ಮತ್ತು 1949ರಲ್ಲಿ, ಬ್ರಿಟನ್ನಿನಿಂದ ಒಟ್ಟು ನಾಲ್ಕು ಚರ್ಚಿಲ್ ಟ್ಯಾಂಕುಗಳು ಬಾಡಿಗೆಯ ಮೇಲೆ ಬಂದವು, 1954ರಲ್ಲಿ ಅವನ್ನು ಕೊಂಡೇ ಬಿಟ್ಟರು. ಭಾರವಾದ, ನಿಧಾನವಾಗಿ ನಡೆಯುವ ಯಂತ್ರಗಳವು. ಬಿಡಿಭಾಗಗಳ ಕೊರತೆ ಬಹಳ ಬೇಗ ಕಾಡಿತು. ಆಗ ಕಾರ್ಯಾಗಾರದವರು ಮಾಡಿದ ಒಂದು ಸಾಹಸ ನನಗೆ ತುಂಬ ಪ್ರಿಯ. ವಾಯುದಳದಲ್ಲಿ ನಿವೃತ್ತವಾಗಿದ್ದ ಸೀಫೈರ್ ಯುದ್ಧವಿಮಾನದಿಂದ ಮರ್ಲಿನ್ ಎಂಜಿನ್ನನ್ನು ಬಿಚ್ಚಿ ತಂದು ಚರ್ಚಿಲ್ ಟ್ಯಾಂಕಿನ ಹೊಟ್ಟೆಗೆ ಇಳಿಸಲು ಅವರು ಯತ್ನಿಸಿದರು. ಆಕಾಶದಲ್ಲಿ ಹಾರಲು ಮಾಡಿದ ಎಂಜಿನ್ನಿನಿಂದ ಮೂವತ್ತೆಂಟು ಟನ್ನಿನ ಉಕ್ಕನ್ನು ಕೆಸರಿನಲ್ಲಿ ಎಳೆಸುವ ಆಲೋಚನೆ ಮೊದಲ ಕೇಳ್ವಿಗೆ ಹುಚ್ಚೆನಿಸಬಹುದು. ಆದರೆ ಅದೇ ಮರ್ಲಿನ್ನಿನಿಂದ ಹುಟ್ಟಿದ ಮೀಟಿಯರ್ ಎಂಜಿನ್ನು ಬ್ರಿಟಿಷ್ ಟ್ಯಾಂಕುಗಳಲ್ಲಿ ಓಡುತ್ತಿತ್ತೆಂಬುದನ್ನು ನೆನೆದರೆ, ಆ ಫಿಟ್ಟರುಗಳು ತಮ್ಮ ಕೆಲಸ ಬಲ್ಲವರೇ ಆಗಿದ್ದರೆಂದು ತಿಳಿಯುತ್ತದೆ. ಪ್ರಯೋಗ ಕೈಗೂಡಲಿಲ್ಲ. 1969ರ ಹೊತ್ತಿಗೆ ನಾಲ್ಕೂ ಚರ್ಚಿಲ್‌ಗಳು ನಿಂತುಹೋಗಿದ್ದವು.

ಅಷ್ಟರಲ್ಲಿ 1959 ಮತ್ತು 1960ರಲ್ಲಿ ನಾಲ್ಕು ನಾಲ್ಕರಂತೆ ಎಂಟು ಕಾಮೆಟ್ ಟ್ಯಾಂಕುಗಳು ಬಂದಿದ್ದವು. ಕಾಮೆಟ್ ಒಳ್ಳೆಯ ಟ್ಯಾಂಕು, ವೇಗವಾಗಿ ಓಡುತ್ತಿತ್ತು, ಅದರ 77 ಮಿಲಿಮೀಟರಿನ ಫಿರಂಗಿಗೆ ಒಳ್ಳೆಯ ಹೆಸರಿತ್ತು. ಅದನ್ನು ಸೋಲಿಸಿದ್ದು ಶತ್ರುವಲ್ಲ. ಫಿರಂಗಿಯ ಸ್ಫೋಟಕ ಗುಂಡುಗಳ ಫ್ಯೂಸಿನಲ್ಲಿ ದೋಷ ಕಂಡುಬಂದು ಅವನ್ನು ಕೈಬಿಡಬೇಕಾಯಿತು, ಉಳಿದ ಗುಂಡುಗಳೂ ಮುಗಿಯುತ್ತ ಬಂದವು. ಮತ್ತೆ ಕಾರ್ಯಾಗಾರವೇ ಮುಂದೆ ಬಂತು. ಒಂದು ಕಾಮೆಟ್‌ನ ತಿರುಗುಗೋಪುರವನ್ನು ತೆಗೆದು, ಆ ಜಾಗದಲ್ಲಿ ಕಾಲಾಳುಗಳು ಬಳಸುವ ಸ್ವೀಡನ್ನಿನ 90 ಮಿಲಿಮೀಟರಿನ ರಿಕಾಯಿಲ್‌ಲೆಸ್ (ಹಿಂದಕ್ಕೆ ಒದೆಯದ) ಗನ್ ಕೂರಿಸಿ ನೋಡಿದರು. ಗೋಪುರವಿಲ್ಲದ ಟ್ಯಾಂಕಿನಲ್ಲಿ ಸೈನಿಕರು ತಲೆ ಹೊರಗಿಟ್ಟು ನಿಲ್ಲಬೇಕಿತ್ತು, ಹಣವೂ ಸಾಲದೆ ಅದು ಪ್ರಯೋಗವಾಗಿಯೇ ಉಳಿಯಿತು. 1973ರಲ್ಲಿ ಕೊನೆಯ ಕಾಮೆಟ್ ಸೇವೆ ಮುಗಿಸಿತು. ಮತ್ತೆ ಐರ್ಲೆಂಡು ಆ ತೂಕದ ಟ್ಯಾಂಕನ್ನು ಕೊಳ್ಳಲಿಲ್ಲ. 1980ರಿಂದ ಬಂದ 14 ಸ್ಕಾರ್ಪಿಯನ್ ವಾಹನಗಳಿಗೆ ಸರಪಳಿ ಚಕ್ರವೂ 76 ಮಿಲಿಮೀಟರಿನ ಫಿರಂಗಿಯೂ ಇದ್ದವು ನಿಜ, ಆದರೆ ಎಂಟು ಟನ್ನಿನ, ಅಲ್ಯೂಮಿನಿಯಂ ಕವಚದ ಅವು ಶೋಧಕ್ಕೆ ಮಾಡಿದ ಹಗುರ ವಾಹನಗಳು. 2017ರಲ್ಲಿ ಅವೂ ಹೋದವು. ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಕಡಲಾಚೆ ಶಾಂತಿಪಾಲನೆಗೆ ಹೋಗುವ ಸೇನೆಗೆ ರಸ್ತೆಯಲ್ಲಿ ದೂರ ಓಡುವ, ಹಡಗಿಗೆ ಸುಲಭವಾಗಿ ಏರುವ ಚಕ್ರದ ವಾಹನ ಬೇಕೇ ಹೊರತು ಸರಪಳಿ ಬೇಗ ಸವೆಯುವ ಭಾರದ ಟ್ಯಾಂಕಲ್ಲ.

ಅದೇ ವಸ್ತುಸಂಗ್ರಹಾಲಯದಲ್ಲಿ ವಾಯುದಳದ ವ್ಯಾಂಪೈರ್ ಜೆಟ್ ವಿಮಾನವೊಂದೂ ಇದೆ. ಎಲ್-60 ನೋಡಿ ಅದರ ಬಳಿ ಹೋದಾಗ ಒಂದು ಸಂಗತಿ ನೆನಪಾಗಿ ನಿಂತೆ. ಎಲ್-180 ಕವಚಕಾರುಗಳ ಮ್ಯಾಡ್ಸನ್ ಫಿರಂಗಿಗಳು ಹಳತಾದಾಗ, ನಿವೃತ್ತಿಯಾದ ವ್ಯಾಂಪೈರ್ ವಿಮಾನಗಳಿಂದ ತೆಗೆದ 20 ಮಿಲಿಮೀಟರಿನ ಹಿಸ್ಪಾನೋ ಫಿರಂಗಿಗಳನ್ನು ಅವುಗಳ ಜಾಗದಲ್ಲಿ ಕೂರಿಸಿದ್ದರು. ವಿಮಾನದ ಮೂಗಿನ ಕೆಳಗೆ ಬಗ್ಗಿ ಫಿರಂಗಿಯ ಬಾಯಿ ಬರುವ ಜಾಗವನ್ನು ಹುಡುಕಿ ನೋಡಿದೆ. 1930ರ ದಶಕದ ಸ್ವೀಡಿಷ್ ಕಾರು, ಬ್ರಿಟಿಷ್ ಜೆಟ್ ವಿಮಾನದ ಫಿರಂಗಿ, ಇವೆರಡನ್ನೂ ಜೋಡಿಸಿ ಮೀಸಲು ಪಡೆಯ ಕೈಗಿತ್ತ ಐರಿಷ್ ಫಿಟ್ಟರ್. ಆ ಫಿಟ್ಟರುಗಳ ಹೆಸರುಗಳು ಯಾವ ಫಲಕದಲ್ಲಿಯೂ ನನಗೆ ಕಾಣಲಿಲ್ಲ, ಕಾಣಬೇಕಿತ್ತು.

ಅರವತ್ತು ಎಪ್ಪತ್ತರ ದಶಕಗಳ ಖರೀದಿಯನ್ನು ಬೇಗ ಹೇಳಿ ಮುಗಿಸಬಹುದು. 1964ರಲ್ಲಿ ಸೈಪ್ರಸ್‌ಗೆ ಪಡೆ ಕಳಿಸುವಾಗ ಫ್ರಾನ್ಸಿನ ಪಾನಾರ್ ಕಂಪನಿಯ ಸಣ್ಣ ಕವಚಕಾರುಗಳು ಬಂದವು, ಮುಂದೆ ಅದೇ ಕಂಪನಿಯ 90 ಮಿಲಿಮೀಟರ್ ಫಿರಂಗಿಯ ಕಾರುಗಳೂ ಸೈನಿಕರನ್ನು ಒಯ್ಯುವ ಎಂ-3 ವಾಹನಗಳೂ ಬಂದು, ಲೆಬನಾನಿನಲ್ಲಿ ದಶಕಗಳ ಕಾಲ ದುಡಿದವು. ಉತ್ತರ ಐರ್ಲೆಂಡಿನಲ್ಲಿ ಗಲಭೆ ಭುಗಿಲೆದ್ದು ಗಡಿ ಕಾಯುವ ಕೆಲಸ ಒಮ್ಮೆಲೇ ಹೆಚ್ಚಿದಾಗ, 15 ಕವಚದ ಯೂನಿಮಾಗ್‌ಗಳನ್ನು ಅಗ್ಗದಲ್ಲಿ ಕೊಂಡರು. ಅವು ಬೆಲ್ಜಿಯನ್ ಕಾಂಗೋದ ಪೊಲೀಸರಿಗೆಂದು ತಯಾರಾಗಿ, ಆ ವಸಾಹತು ಸ್ವತಂತ್ರವಾದ್ದರಿಂದ ಅನಾಥವಾಗಿ ಉಳಿದಿದ್ದ ವಾಹನಗಳು. ಕಾಂಗೋದಲ್ಲಿ ಹೋರಾಡಿ ಬಂದ ಸೇನೆಯ ಕೈಗೆ ಕಾಂಗೋಗೆಂದು ಮಾಡಿದ ವಾಹನ ಸೇರಿತ್ತು.

ಪರರ ಉಳಿಕೆಗಳ ಈ ಕತೆಯಲ್ಲಿ ಒಂದು ಅಧ್ಯಾಯ ಮಾತ್ರ ಬೇರೆ. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಶೇಮಸ್ ಟಿಮೋನಿ 1970ರ ದಶಕದಲ್ಲಿ ನಾಲ್ಕು ಚಕ್ರದ ಸೈನಿಕವಾಹನವೊಂದನ್ನು ತಾವೇ ರೂಪಿಸಿದರು. ಪ್ರತಿ ಚಕ್ರವೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವ ಅವರ ಸಸ್ಪೆನ್ಷನ್ ಅದರ ಜೀವಾಳ. ಹೊಲ, ಹಳ್ಳ, ಕಲ್ಲು ಏನೇ ಇರಲಿ ನಾಲ್ಕೂ ಚಕ್ರ ನೆಲ ಬಿಡುತ್ತಿರಲಿಲ್ಲ. ಐರಿಷ್ ಸೇನೆ ಕೊಂಡದ್ದು ಹತ್ತನ್ನು ಮಾತ್ರ. ಬೆಲ್ಜಿಯಂ ಪರವಾನಗಿ ಪಡೆದು ಅದೇ ವಿನ್ಯಾಸದಲ್ಲಿ 123 ವಾಹನಗಳನ್ನು ಮಾಡಿಕೊಂಡಿತು. ಆಸ್ಟ್ರೇಲಿಯಾದ ಬುಶ್‌ಮಾಸ್ಟರ್ ವಾಹನದ ಬೇರೂ ಟಿಮೋನಿ ಕಂಪನಿಯ ವಿನ್ಯಾಸದಲ್ಲಿಯೇ ಇದೆ, ಆ ಬುಶ್‌ಮಾಸ್ಟರ್‌ಗಳು ಇಂದು ಉಕ್ರೇನಿನ ರಣರಂಗದಲ್ಲಿ ಓಡುತ್ತಿವೆ. ತನ್ನ ನೆಲದಲ್ಲಿ ಹುಟ್ಟಿದ ಒಂದು ಒಳ್ಳೆಯ ವಾಹನವನ್ನು ಹತ್ತಕ್ಕೇ ನಿಲ್ಲಿಸಿದ್ದು ಐರ್ಲೆಂಡು ಕಳೆದುಕೊಂಡ ದೊಡ್ಡ ಅವಕಾಶವೆಂದೇ ನಾನು ನಂಬಿದ್ದೇನೆ. ಸಣ್ಣ ದೇಶದ ಸೇನೆಯ ಅಗತ್ಯ ಎಂದೂ ಸಣ್ಣದೇ, ಅಷ್ಟರಿಂದ ಕಾರ್ಖಾನೆ ಬದುಕುವುದಿಲ್ಲ ಎಂಬ ವಾದವನ್ನು ನಾನು ಬಲ್ಲೆ, ಆದರೂ ಮನಸ್ಸು ಒಪ್ಪುವುದಿಲ್ಲ.

ಇಂದಿನ ಸೇನೆಯ ಬೆನ್ನೆಲುಬು ಸ್ವಿಟ್ಜರ್‌ಲ್ಯಾಂಡಿನ ಮೋವಾಗ್ ಕಂಪನಿಯ ಪಿರಾನಾ, ಎಂಟು ಚಕ್ರದ ಕವಚವಾಹನ. 2001ರಿಂದ ಕಂತು ಕಂತಾಗಿ ಒಟ್ಟು 80 ಬಂದವು. ಬಹುಪಾಲು ವಾಹನಗಳ ಮೇಲೆ 12.7 ಮಿಲಿಮೀಟರಿನ ಬ್ರೌನಿಂಗ್ ಮಷಿನ್ ಗನ್, ಕೆಲವು ಶೋಧವಾಹನಗಳ ಮೇಲೆ 30 ಮಿಲಿಮೀಟರಿನ ಫಿರಂಗಿ. ಸೈನಿಕರು ಅದನ್ನು ವಾಹನದ ಹೆಸರಿನಿಂದಲ್ಲ, ಕಂಪನಿಯ ಹೆಸರಿನಿಂದ ಮೋವಾಗ್ ಎಂದೇ ಕರೆಯುತ್ತಾರೆ. ಲೈಬೀರಿಯಾ, ಕೊಸೊವೊ, ಚಾಡ್, ಲೆಬನಾನ್ ಎಲ್ಲ ಕಡೆಯೂ ಅದು ಹೋಗಿ ಬಂದಿದೆ. 2014ರ ಆಗಸ್ಟ್ ಕೊನೆಯಲ್ಲಿ ಗೋಲನ್ ಪ್ರಸ್ಥಭೂಮಿಯಲ್ಲಿ ಫಿಲಿಪ್ಪೀನ್ಸಿನ ಶಾಂತಿಪಾಲಕರನ್ನು ಸಿರಿಯಾದ ಬಂಡುಕೋರರು ಸುತ್ತುವರಿದಾಗ, ಒಂದು ಠಾಣೆಯಲ್ಲಿ ಸಿಕ್ಕಿಬಿದ್ದವರನ್ನು ಹೊರತರಲು ಹೋದದ್ದು ಐರಿಷ್ ಮೋವಾಗ್‌ಗಳು. ಜಾದೋವಿಲ್‌ನಲ್ಲಿ ತಮ್ಮವರನ್ನು ತಲುಪಲಾಗದೆ ಸೇತುವೆಯಿಂದ ಹಿಂದಿರುಗಿದ್ದ ಸೇನೆ, ಐವತ್ತಮೂರು ವರ್ಷಗಳ ಬಳಿಕ ಇನ್ನೊಂದು ದೇಶದವರನ್ನು ಸುರಕ್ಷಿತವಾಗಿ ಕರೆತಂದಿತು.

ಕಾಲಾಳುಗಳ ಆಯುಧಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1988ರಿಂದ ಆಸ್ಟ್ರಿಯಾದ ಸ್ಟಾಯರ್ ರೈಫಲ್, ಬೆಲ್ಜಿಯಂನ ಎಂಎಜಿ ಮಷಿನ್ ಗನ್, ಟ್ಯಾಂಕು ನಿರೋಧಕ್ಕೆ ಜಾವಲಿನ್ ಕ್ಷಿಪಣಿ, ಕೆಳಮಟ್ಟದಲ್ಲಿ ಬರುವ ವಿಮಾನಕ್ಕೆ ಸ್ವೀಡನ್ನಿನ ಆರ್‌ಬಿಎಸ್-70, ತೋಪುದಳಕ್ಕೆ 105 ಮಿಲಿಮೀಟರಿನ ಲೈಟ್ ಗನ್. ಅವರ ಭಂಡಾರದಲ್ಲಿ ಇದಕ್ಕಿಂತ ದೊಡ್ಡ ಫಿರಂಗಿಯಿಲ್ಲ.

ಈಗ ಮೋವಾಗ್‌ಗಳಿಗೂ ವಯಸ್ಸಾಗಿದೆ. 2022ರ ಫೆಬ್ರವರಿಯಲ್ಲಿ ರಕ್ಷಣಾ ಪಡೆಗಳ ಆಯೋಗ ತನ್ನ ವರದಿಯಲ್ಲಿ ಇರುವ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಅದೇ ವರ್ಷ ಸರ್ಕಾರ ವಾರ್ಷಿಕ ರಕ್ಷಣಾ ವೆಚ್ಚವನ್ನು 110 ಕೋಟಿ ಯೂರೋಗಳಿಂದ 2028ರ ಹೊತ್ತಿಗೆ 150 ಕೋಟಿಗೆ ಏರಿಸಲು ಒಪ್ಪಿತು. ಅದೇ ಡಿಸೆಂಬರಿನಲ್ಲಿ ದಕ್ಷಿಣ ಲೆಬನಾನಿನಲ್ಲಿ ರಾತ್ರಿ ಪ್ರಯಾಣದಲ್ಲಿದ್ದ ಐರಿಷ್ ವಾಹನವೊಂದರ ಮೇಲೆ ಗುಂಡಿನ ದಾಳಿಯಾಗಿ ಯುವಸೈನಿಕನೊಬ್ಬ ಸತ್ತಾಗ, ಆ ಹುಡುಗರನ್ನು ಎಂಥ ವಾಹನದಲ್ಲಿ ಕಳಿಸುತ್ತೇವೆ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದು ಬಂತು. 1978ರಿಂದ ಅವರು ಕಾದುಕೊಂಡು ಬಂದ ಆ ಲೆಬನಾನ್ ಕಾರ್ಯಾಚರಣೆಗೆ 2026ರ ಡಿಸೆಂಬರ್ 31 ಕೊನೆಯ ದಿನವೆಂದು ಭದ್ರತಾ ಮಂಡಳಿ ತೀರ್ಮಾನಿಸಿದೆ. ಮುಂದಿನ ವಾಹನ ಯಾವ ನೆಲಕ್ಕಾಗಿ, ಯಾವ ಹವೆಗಾಗಿ ಎಂಬುದನ್ನು ಈಗ ಹೊಸದಾಗಿ ಯೋಚಿಸಬೇಕಾಗಿದೆ.

ವಸ್ತುಸಂಗ್ರಹಾಲಯದ ಎಲ್-60ಗೆ ಒಂದು ಜೋಡಿ ಇತ್ತೆಂದು ಮೊದಲೇ ಹೇಳಿದೆ. ಕಿಲ್ಡೇರ್ ಪ್ರಾಂತ್ಯದ ಕರಾ ಸೇನಾಶಿಬಿರದಲ್ಲಿ, ಶ್ಲೀವ್ ನಮಾನ್ ಇರುವಲ್ಲಿಯೇ, ಆ ಎರಡನೆಯ ಟ್ಯಾಂಕೂ ಇದೆ. ಅದನ್ನು ಕಾರ್ಯಾಗಾರದವರು ಓಡುವ ಸ್ಥಿತಿಯಲ್ಲಿಯೇ ಉಳಿಸಿಕೊಂಡಿದ್ದಾರೆ.